ಕಾನ್ಸಸ್ ಬಿಟ್ಟರೆ ಬೇರೆ ಯಾರೂ ಇರಲಿಲ್ವಾ?

ಪ್ರಶ್ನೆ: ಕಾಲೇಜು ದಿನಗಳಿಂದ ಪಿಂಕ್ ಫ್ಲಾಯ್ಡ್, ಯೆಸ್, ಜೆನೆಸಿಸ್, ಕಿಂಗ್ ಕ್ರಿಮ್ಸನ್ ಕೇಳುತ್ತಾ ಬಂದಿದ್ದೇನೆ. ಎಲ್ಲರೂ ಇಂಗ್ಲೆಂಡಿನವರೇ. ಅಮೆರಿಕದಿಂದ ನನಗೆ ಗೊತ್ತಿರುವ ಬ್ಯಾಂಡ್ ಕಾನ್ಸಸ್ ಒಂದೇ. ಎಪ್ಪತ್ತರ ದಶಕದಲ್ಲಿ ಅಷ್ಟು ದೊಡ್ಡ ದೇಶದಲ್ಲಿ ಇನ್ಯಾರೂ ಪ್ರೊಗ್ರೆಸಿವ್ ರಾಕ್, ಅಂದರೆ ಉದ್ದುದ್ದ ರಚನೆ, ತಿರುಚಿದ ಲಯದ ಈ ಥರದ ರಾಕ್, ನುಡಿಸಲಿಲ್ವಾ? ನುಡಿಸಿದ್ದರೆ ಅವರನ್ನು ಹುಡುಕುವುದು ಹೇಗೆ? ಹಳೆಯ ರೆಕಾರ್ಡುಗಳನ್ನೇ ಕೊಳ್ಳಬೇಕಾ?
ಮೈಸೂರಿನ ಓದುಗರೊಬ್ಬರು

ಉತ್ತರ: ನುಡಿಸಿದರು. ಬೇಕಾದಷ್ಟು ಜನ ನುಡಿಸಿದರು. ನಿಮಗೆ ಕೇಳಿಸಲಿಲ್ಲ, ಅಷ್ಟೇ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆಗ ಅವರ ಪಕ್ಕದ ರಾಜ್ಯದವರಿಗೇ ಸರಿಯಾಗಿ ಕೇಳಿಸಿರಲಿಲ್ಲ.

ಮೊದಲು ಒಂದು ತಮಾಷೆ ನೋಡಿ. ನೀವು ಹೇಳಿದ ಬ್ಯಾಂಡುಗಳೆಲ್ಲ ಇಂಗ್ಲೆಂಡಿನವು, ನಿಜ. ಆದರೆ ಅವರ ಕೈಯಲ್ಲಿದ್ದ ವಾದ್ಯಗಳು ಎಲ್ಲಿಯವು? ಹ್ಯಾಮಂಡ್ ಆರ್ಗನ್ ಶಿಕಾಗೋದ್ದು. ಮೂಗ್ ಸಿಂಥಸೈಸರ್ ನ್ಯೂಯಾರ್ಕ್ ರಾಜ್ಯದ ಟ್ರೂಮನ್ಸ್‌ಬರ್ಗ್ ಅನ್ನುವ ಪುಟ್ಟ ಊರಿನದು. ಯೆಸ್ ಬ್ಯಾಂಡಿನ ಕ್ರಿಸ್ ಸ್ಕ್ವೈರ್ ಹೆಗಲಿಗೆ ಹಾಕಿಕೊಂಡಿದ್ದ ರಿಕನ್‌ಬ್ಯಾಕರ್ ಬೇಸ್ ಗಿಟಾರ್ ಕ್ಯಾಲಿಫೋರ್ನಿಯಾದ್ದು.

ಮೆಲೊಟ್ರಾನ್ ಕಥೆಯಂತೂ ಇನ್ನೂ ಚೆನ್ನ. ಹಳೆಯ ಕ್ರಿಮ್ಸನ್ ಹಾಡುಗಳಲ್ಲಿ ಮಂಜು ಕವಿದಂತೆ ಹಬ್ಬುವ ಪಿಟೀಲುಗಳ ಗುಂಪಿನ ಸದ್ದು ಇದೆಯಲ್ಲ, ಅದೇ ಈ ವಾದ್ಯ. ಪ್ರತಿ ಕೀಲಿಯ ಕೆಳಗೂ ಒಂದು ಟೇಪಿನ ಪಟ್ಟಿ. ಕೀಲಿ ಒತ್ತಿದರೆ ಟೇಪ್ ಓಡುತ್ತದೆ. ಅದರಲ್ಲಿ ಮೊದಲೇ ರೆಕಾರ್ಡ್ ಆಗಿರುವ ಪಿಟೀಲೋ ಕೊಳಲೋ ಕೇಳಿಸುತ್ತದೆ. ಸುಮಾರು 8 ಸೆಕೆಂಡಿಗೆ ಟೇಪ್ ಮುಗಿಯುತ್ತದೆ. ಬೆರಳೆತ್ತಿದರೆ ವಾಪಸ್ ಹೋಗಿ ಕೂರುತ್ತದೆ. ಇದನ್ನು ತಯಾರಿಸಿದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಆದರೆ ಉಪಾಯ ಅಲ್ಲಿಯದಲ್ಲ. ಕ್ಯಾಲಿಫೋರ್ನಿಯಾದ ಹ್ಯಾರಿ ಚೇಂಬರ್ಲಿನ್ ಎಂಬಾತ ಇಂಥದ್ದೊಂದು ಯಂತ್ರ ಮಾಡಿ ಮಾರುತ್ತಿದ್ದ. ಅವನ ಸೇಲ್ಸ್‌ಮನ್ ಬಿಲ್ ಫ್ರಾನ್ಸನ್ 1962ರಲ್ಲಿ ಎರಡು ಯಂತ್ರ ಹೊತ್ತು ಇಂಗ್ಲೆಂಡಿಗೆ ಹೋದ. ತನ್ನದೇ ಎಂಬಂತೆ ಅಲ್ಲಿನವರಿಗೆ ತೋರಿಸಿದ. ಅವರು ಅದನ್ನು ತಿದ್ದಿ ಮೆಲೊಟ್ರಾನ್ ಮಾಡಿದರು. ಚೇಂಬರ್ಲಿನ್‌ಗೆ ವಿಷಯ ಗೊತ್ತಾಗಿದ್ದು ಆಮೇಲೆ.

ಅಂದರೆ ಪಾತ್ರೆ ಪಡಗ ಎಲ್ಲ ಅಮೆರಿಕದ್ದು. ಅಡುಗೆ ಮಾಡಿ ಬಡಿಸಿ ಹೆಸರು ತಗೊಂಡವರು ಇಂಗ್ಲೆಂಡಿನವರು.

ಹಾಗಾದರೆ ಅಮೆರಿಕದ ಹುಡುಗರು ಏನು ಮಾಡುತ್ತಿದ್ದರು? ಕೇಳುತ್ತಿದ್ದರು. 1971, 72ರ ಹೊತ್ತಿಗೆ ಯೆಸ್, ಜೆನೆಸಿಸ್, ಜೆಂಟಲ್ ಜೈಂಟ್ ರೆಕಾರ್ಡುಗಳು ಅಲ್ಲಿನ ಅಂಗಡಿಗಳಿಗೆ ಬಂದವು. ಹೈಸ್ಕೂಲು, ಕಾಲೇಜು ಹುಡುಗರು ತಲೆಕೆಡಿಸಿಕೊಂಡು ಕಲಿತರು. ಸ್ವಂತದ್ದು ಬರೆದು, ತಾಲೀಮು ಮಾಡಿ, ರೆಕಾರ್ಡ್ ಮಾಡುವಷ್ಟರಲ್ಲಿ 1975 ದಾಟಿತ್ತು. ಒಳ್ಳೆಯ ಅಮೆರಿಕನ್ ಪ್ರಾಗ್ (ಪ್ರೊಗ್ರೆಸಿವ್ ರಾಕ್‌ನ ಗಿಡ್ಡ ಹೆಸರು) ಆಲ್ಬಮ್ಮುಗಳು ಜಾಸ್ತಿ ಸಿಗುವುದು 1975ರಿಂದ 78ರ ನಡುವೆ. ಇದನ್ನು ನೆನಪಿಟ್ಟುಕೊಳ್ಳಿ, ಹುಡುಕುವಾಗ ಬೇಕಾಗುತ್ತದೆ. ಅಷ್ಟೊತ್ತಿಗೆ ಕಂಪನಿಗಳ ಕಣ್ಣು ಡಿಸ್ಕೋ ಕಡೆ ತಿರುಗಿತ್ತು, ಹಿಂದೆಯೇ ಪಂಕ್ ಬಂತು. ಮದುವೆ ಊಟಕ್ಕೆ ಕೊನೇ ಪಂಕ್ತಿಯಲ್ಲಿ ಕೂತ ಹಾಗಾಯಿತು ಇವರ ಪಾಡು.

ಇನ್ನೊಂದು ಕಾರಣ ದೂರ. ಇಂಗ್ಲೆಂಡ್ ನಮ್ಮ ಕರ್ನಾಟಕಕ್ಕಿಂತ ಚಿಕ್ಕದು. ಯಾವ ಊರಿನ ಬ್ಯಾಂಡಾದರೂ ವ್ಯಾನ್ ಹತ್ತಿದರೆ ಒಂದು ದಿನದೊಳಗೆ ಲಂಡನ್. ಒಂದೇ ಬಿಬಿಸಿ ದೇಶಕ್ಕೆಲ್ಲ ಕೇಳಿಸುತ್ತಿತ್ತು. ಅಮೆರಿಕದಲ್ಲಿ ಇಂಡಿಯಾನಾದ ಹುಡುಗರಿಗೆ ಲಾಸ್ ಏಂಜಲೀಸ್ ಮೂರು ಸಾವಿರ ಕಿಲೋಮೀಟರ್ ದೂರ. ರೇಡಿಯೋ ಊರಿಗೊಂದು. ಎಪ್ಪತ್ತರ ಶುರುವಿನಲ್ಲಿ ಎಫ್‌ಎಂ ನಿರೂಪಕರು ಮನಸ್ಸಿಗೆ ಬಂದದ್ದು ಹಾಕುತ್ತಿದ್ದರು. ದಶಕದ ನಡುವಿಗೆ ಸಲಹೆಗಾರರು ಬಂದರು. ಯಾವ ಹಾಡು, ದಿನಕ್ಕೆ ಎಷ್ಟು ಸಲ ಎಂದು ಪಟ್ಟಿ ಕೊಡತೊಡಗಿದರು. ಪಟ್ಟಿಯಲ್ಲಿ ಇಲ್ಲದ 12 ನಿಮಿಷದ ಹಾಡಿಗೆ ಜಾಗ ಎಲ್ಲಿ?

ಅದಕ್ಕೇ ನನ್ನ ಸಲಹೆ ಇಷ್ಟು: ಬ್ಯಾಂಡುಗಳ ಹೆಸರಿನ ಹಿಂದೆ ಹೋಗಬೇಡಿ, ಊರಿನ ಹಿಂದೆ ಹೋಗಿ. ‘ನೂರು ಅತ್ಯುತ್ತಮ ಆಲ್ಬಮ್ಮುಗಳು’ ಥರದ ಪಟ್ಟಿ ಹಿಡಿದರೆ ಮೂರನೇ ದಿನಕ್ಕೆ ಸುಸ್ತಾಗುತ್ತೀರಿ. ಒಂದು ಊರು, ಅಲ್ಲಿನ ಒಂದು ರೇಡಿಯೋ, ಒಬ್ಬ ಕೀಬೋರ್ಡಿನವನು, ಒಂದು ಸಣ್ಣ ಲೇಬಲ್, ಅಂದರೆ ರೆಕಾರ್ಡ್ ಹೊರತರುವ ಕಂಪನಿ. ಹೀಗೆ ಎಳೆ ಹಿಡಿದು ಹೋದರೆ ಸಂಗೀತದ ಜೊತೆಗೆ ಕಥೆಯೂ ಸಿಗುತ್ತದೆ.

ವಾಷಿಂಗ್ಟನ್ ಸುತ್ತಮುತ್ತಲಿಂದ ಶುರುಮಾಡಿ. ವರ್ಜೀನಿಯಾದ ಹ್ಯಾರಿಸನ್‌ಬರ್ಗ್ ಒಂದು ಕಾಲೇಜು ಊರು. 1973ರ ಹೊತ್ತಿಗೆ ಅಲ್ಲಿ ಹ್ಯಾಪಿ ದ ಮ್ಯಾನ್ ಎಂಬ ಬ್ಯಾಂಡ್ ಕಟ್ಟಿದರು. ಗಿಟಾರಿಗೆ ಸ್ಟ್ಯಾನ್ಲಿ ವಿಟೇಕರ್, ಕೀಬೋರ್ಡಿಗೆ ಕಿಟ್ ವಾಟ್ಕಿನ್ಸ್, ಸ್ಯಾಕ್ಸೊಫೋನು ಮತ್ತು ಕೀಬೋರ್ಡು ಎರಡಕ್ಕೂ ಫ್ರ್ಯಾಂಕ್ ವಯಾಟ್. ನನ್ನನ್ನು ಕೇಳಿದರೆ ಎಪ್ಪತ್ತರ ಅಮೆರಿಕನ್ ಪ್ರಾಗ್‌ನಲ್ಲಿ ಇವರ ಸಮಕ್ಕೆ ಇನ್ನೊಬ್ಬರಿಲ್ಲ. ಕಾನ್ಸಸ್ ಅನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಬೈಯುವವರು ಬೈಯಲಿ.

ಮುಂದೆ ಇವರು ವಾಷಿಂಗ್ಟನ್ ಹತ್ತಿರಕ್ಕೆ ಬಂದರು. ಅಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ರೇಡಿಯೋ ಇತ್ತು, ಡಬ್ಲ್ಯುಜಿಟಿಬಿ. ಇನ್ನೆಲ್ಲೂ ಕೇಳಿಸದ್ದನ್ನು ಅವರು ಹಾಕುತ್ತಿದ್ದರು. ಊರಲ್ಲಿ ಹೆಸರಾಯಿತು. 1976ರಲ್ಲಿ ಸಾಕ್ಷಾತ್ ಪೀಟರ್ ಗೇಬ್ರಿಯಲ್ ಇವರನ್ನು ಹುಡುಕಿಕೊಂಡು ಬಂದ. ಜೆನೆಸಿಸ್ ಬಿಟ್ಟು ಹೊಸದಾಗಿ ಶುರುಮಾಡುತ್ತಿದ್ದವನು, ಜೊತೆಗೆ ನುಡಿಸಲು ಇವರಾಗಬಹುದಾ ಎಂದು ನೋಡಿದ. ಅದು ಕೈಗೂಡಲಿಲ್ಲ. ಆದರೆ ಅರಿಸ್ಟಾ ಕಂಪನಿ ಇವರನ್ನು ಸೇರಿಸಿಕೊಂಡಿತು. 1977ರಲ್ಲಿ ಬ್ಯಾಂಡಿನ ಹೆಸರಿನದೇ ಮೊದಲ ಆಲ್ಬಂ, 1978ರಲ್ಲಿ ‘ಕ್ರಾಫ್ಟಿ ಹ್ಯಾಂಡ್ಸ್’. ಎರಡಕ್ಕೂ ನಿರ್ಮಾಪಕ ಕೆನ್ ಸ್ಕಾಟ್. ಬೀಟಲ್ಸ್ ರೆಕಾರ್ಡಿಂಗುಗಳಲ್ಲಿ ಎಂಜಿನಿಯರ್ ಆಗಿ, ಡೇವಿಡ್ ಬೋವಿಗೆ ನಿರ್ಮಾಪಕನಾಗಿ ಪಳಗಿದ ಕೈ. ಅದಕ್ಕೇ ಇವತ್ತಿಗೂ ಆ ಎರಡು ಆಲ್ಬಮ್ಮುಗಳ ಸದ್ದು ಕನ್ನಡಿಯ ಹಾಗಿದೆ.

ಇವರು ಹಾಡುವುದು ಕಡಿಮೆ, ನುಡಿಸುವುದೇ ಜಾಸ್ತಿ. ‘ಕ್ರಾಫ್ಟಿ ಹ್ಯಾಂಡ್ಸ್’ನಲ್ಲಿ ಒಂದೇ ಒಂದರಲ್ಲಿ ಹಾಡಿದ್ದಾರೆ. ಲೆಕ್ಕ ಸದಾ ವಕ್ರ. ನಾಲ್ಕರ ಎಣಿಕೆಯಲ್ಲಿ ಕಾಲು ತಟ್ಟಲು ಹೋದರೆ ಕಾಲು ತಪ್ಪುತ್ತದೆ. ಮಿಶ್ರ ಛಾಪು, ಖಂಡ ಛಾಪು ಕೇಳಿ ಬೆಳೆದ ಕಿವಿಗೆ ಇದು ಬೇಗ ಹಿಡಿಸುತ್ತದೆ. ಏಳು ಎಣಿಸಿ ನೋಡಿ, ಐದು ಎಣಿಸಿ ನೋಡಿ, ಎಲ್ಲೋ ಒಂದು ಕಡೆ ಕೂತುಕೊಳ್ಳುತ್ತದೆ. ಆದರೆ ಎಣಿಸದೆಯೂ ಕೇಳಬಹುದು, ಅದೇ ಇವರ ಹೆಚ್ಚುಗಾರಿಕೆ. ನೋಡಿ ನನ್ನ ಕೈಚಳಕ ಎಂದು ಯಾರೂ ಮುಂದೆ ಬಂದು ನಿಲ್ಲುವುದಿಲ್ಲ. ಹೆಸರುಗಳು ಮಾತ್ರ ವಿಚಿತ್ರ. ‘ಸ್ಟಂಪಿ ಮೀಟ್ಸ್ ದ ಫೈರ್‌ಕ್ರ್ಯಾಕರ್ ಇನ್ ಸ್ಟೆನ್ಸಿಲ್ ಫಾರೆಸ್ಟ್’ ಎಂದು ಒಂದರ ಹೆಸರು. ಅರ್ಥ ಹುಡುಕಬೇಡಿ.

ಅರಿಸ್ಟಾ ಅಂದರೆ ಬ್ಯಾರಿ ಮ್ಯಾನಿಲೋ ಹಾಡುಗಳು ಲಕ್ಷಗಟ್ಟಲೆ ಮಾರಾಟವಾಗುತ್ತಿದ್ದ ಕಂಪನಿ. ಎರಡು ಆಲ್ಬಮ್ಮಿಗೇ ಇವರನ್ನು ಕೈಬಿಟ್ಟಿತು. ಕಿಟ್ ವಾಟ್ಕಿನ್ಸ್ ಇಂಗ್ಲೆಂಡಿನ ಕ್ಯಾಮೆಲ್ ಬ್ಯಾಂಡಿಗೆ ಹೋದ. 1979ರ ಕ್ಯಾಮೆಲ್ ಆಲ್ಬಂ ನಿಮ್ಮ ಹತ್ತಿರ ಇದ್ದರೆ, ಅದರಲ್ಲಿ ಕೀಬೋರ್ಡ್ ನುಡಿಸಿದ ಇಬ್ಬರಲ್ಲಿ ಇವನೂ ಒಬ್ಬ. ಗೊತ್ತಿಲ್ಲದೆ ನೀವು ಆಗಲೇ ಅಮೆರಿಕನ್ ಪ್ರಾಗ್ ಕೇಳಿದ್ದೀರಿ, ಅಲ್ವಾ? ಹ್ಯಾಪಿ ದ ಮ್ಯಾನ್ ಮೂರನೇ ಆಲ್ಬಮ್ಮಿಗೆಂದು ಮಾಡಿಟ್ಟದ್ದು ಹೊರಬಂದದ್ದು 1983ರಲ್ಲಿ. ಹೆಸರು ‘ಬೆಟರ್ ಲೇಟ್’. ತಡವಾದರೂ ಸರಿ ಅಂತ.

ಆ ಜಾರ್ಜ್‌ಟೌನ್ ರೇಡಿಯೋ ಏನಾಯಿತು ಅಂದರೆ, ವಿಶ್ವವಿದ್ಯಾಲಯಕ್ಕೆ ಅದರ ಉಪಟಳ ಸಾಕಾಗಿತ್ತು. 1979ರಲ್ಲಿ ಅದರ ಪ್ರಸಾರದ ಅಲೆಯನ್ನು ಇನ್ನೊಂದು ವಿಶ್ವವಿದ್ಯಾಲಯಕ್ಕೆ ದಾಟಿಸಿಬಿಟ್ಟರು. ಬೆಲೆ ಒಂದು ಡಾಲರ್.

ಅದೇ ರೇಡಿಯೋದ ಇನ್ನೊಂದು ಮಗು ದ ಮಫಿನ್ಸ್. ಪಕ್ಕದ ಮೇರಿಲ್ಯಾಂಡಿನವರು. ಇವರಿಗೆ ಯೆಸ್ ಬೇಡ, ಜಾಸ್ ಬೆರೆಸಿ ನುಡಿಸುತ್ತಿದ್ದ ಇಂಗ್ಲೆಂಡಿನ ಸಾಫ್ಟ್ ಮಷೀನ್ ಬೇಕು. ಸ್ಯಾಕ್ಸೊಫೋನು, ಕೊಳಲು, ತುಂಟತನ, ನಡುನಡುವೆ ಲಂಗುಲಗಾಮಿಲ್ಲದ ಜಾಸ್. 1978ರ ‘ಮ್ಯಾನಾ ಮಿರಾಜ್’ ಆಲ್ಬಮ್ಮಿನ ಎರಡನೇ ಮಗ್ಗುಲು ಪೂರ್ತಿ ಒಂದೇ ರಚನೆ, 22 ನಿಮಿಷದ್ದು. ಗೆಳೆಯರೆಲ್ಲ ಸೇರಿ ಮಾಡಿಕೊಂಡ ರ‍್ಯಾಂಡಮ್ ರೇಡಾರ್ ಎಂಬ ಲೇಬಲ್‌ನಿಂದ ಅದು ಬಂತು. ಆ ಗುಂಪಿನಲ್ಲಿದ್ದ ಸ್ಟೀವ್ ಫೈಗನ್‌ಬಾಮ್ 1984ರಲ್ಲಿ ಕ್ಯೂನಿಫಾರ್ಮ್ ರೆಕಾರ್ಡ್ಸ್ ಶುರುಮಾಡಿದ. ಈ ಲೇಬಲ್ ಹೆಸರು ಬರೆದಿಟ್ಟುಕೊಳ್ಳಿ. ಈ ಸೊಟ್ಟ ದಾರಿ ನಿಮಗೆ ಹಿಡಿಸಿದರೆ ಅಲ್ಲಿ ವರ್ಷಗಟ್ಟಲೆ ಕೇಳುವಷ್ಟು ಇದೆ.

ಇನ್ನು ನಡುನಾಡಿಗೆ ಬನ್ನಿ. ಶಿಕಾಗೋದಿಂದ ಸ್ವಲ್ಪ ಆಚೆ, ಇಂಡಿಯಾನಾ ಗಡಿಯಲ್ಲಿ ಯೆಜ್ಡಾ ಉರ್ಫಾ ಎಂಬ ಐವರ ಗುಂಪು. ಹೆಸರು ಕೇಳಿ ಗಾಬರಿಯಾಗಬೇಡಿ. ಇರಾನಿನ ಯಾಜ್ದ್, ಟರ್ಕಿಯ ಉರ್ಫಾ ಎಂಬ ಎರಡು ಊರಿನ ಹೆಸರು ಎತ್ತಿಕೊಂಡು ತಿರುಚಿದ್ದು. 1975ರಲ್ಲಿ ಕಂಪನಿಗಳಿಗೆ ಕಳಿಸಲು ‘ಬೋರಿಸ್’ ಎಂಬ ರೆಕಾರ್ಡ್ ಮಾಡಿಸಿದರು. ಅಚ್ಚಾಗಿದ್ದು ಸುಮಾರು 300 ಪ್ರತಿ. ಯಾರೂ ಕರೆಯಲಿಲ್ಲ. ಛಲ ಬಿಡದೆ 1976ರಲ್ಲಿ ‘ಸೇಕ್ರೆಡ್ ಬಬೂನ್’ ರೆಕಾರ್ಡ್ ಮಾಡಿದರು. ಅದನ್ನೂ ಯಾರೂ ತಗೊಳ್ಳಲಿಲ್ಲ. ಟೇಪು ಪೆಟ್ಟಿಗೆಯಲ್ಲಿ ಉಳಿಯಿತು. ಬ್ಯಾಂಡು ಮುಚ್ಚಿತು.

ಹದಿಮೂರು ವರ್ಷ ಕಳೆಯಿತು. ಸಿನ್-ಫೋನಿಕ್ ಅಂತ ಒಂದು ಪುಟ್ಟ ಲೇಬಲ್. ಅದನ್ನು ನಡೆಸುತ್ತಿದ್ದ ಗ್ರೆಗ್ ವಾಕರ್‌ಗೆ ಇಂಥ ಕಳೆದುಹೋದ ಟೇಪುಗಳ ಹುಚ್ಚು. 1989ರಲ್ಲಿ ‘ಸೇಕ್ರೆಡ್ ಬಬೂನ್’ ಕೊನೆಗೂ ಹೊರಬಂತು. ಆಮೇಲಿನದು ಸಿನಿಮಾ ಥರ. 2004ರಲ್ಲಿ ಪೆನ್ಸಿಲ್ವೇನಿಯಾದ ನಿಯರ್‌ಫೆಸ್ಟ್ ಎಂಬ ಪ್ರಾಗ್ ಉತ್ಸವಕ್ಕೆ ಇವರನ್ನು ಕರೆದರು. ನಡುವಯಸ್ಸಿನ ಗಂಡಸರು ಮತ್ತೆ ತಾಲೀಮು ಮಾಡಿ, ಇಪ್ಪತ್ತರ ಹುಡುಗರಾಗಿದ್ದಾಗ ಬರೆದ ಆ ಪರಮ ಕಷ್ಟದ ಸಂಗೀತವನ್ನು ತುಂಬಿದ ಸಭಾಂಗಣದ ಎದುರು ನುಡಿಸಿದರು. ಅದರ ರೆಕಾರ್ಡಿಂಗ್ ಕೂಡ ಸಿಗುತ್ತದೆ.

ಇವರ ಸಂಗೀತ ಹೇಗಿದೆ? ಜೆಂಟಲ್ ಜೈಂಟ್‌ಗೆ ಕಾಫಿ ಜಾಸ್ತಿಯಾದ ಹಾಗಿದೆ. ಹತ್ತು ಸೆಕೆಂಡಿಗೊಂದು ತಿರುವು. ಅಕಸ್ಮಾತ್ ಮ್ಯಾಂಡೊಲಿನ್ ಬರುತ್ತದೆ. ಅಷ್ಟರಲ್ಲಿ ನಾಲ್ಕು ಗಂಟಲು ಒಟ್ಟಿಗೆ ನಾಲ್ಕು ಬೇರೆ ಸಾಲು ಹಾಡುತ್ತವೆ. ಮೊದಲ ದಿನವೇ ಇದನ್ನು ಹಾಕಬೇಡಿ. ಮನೆಯವರು ಕೇಳುತ್ತಾ ಇದ್ದರಂತೂ ಬೇಡವೇ ಬೇಡ.

ಅದೇ ಸಿನ್-ಫೋನಿಕ್ ಎಳೆ ಹಿಡಿದರೆ ನ್ಯೂಯಾರ್ಕಿನ ಲಾಂಗ್ ಐಲೆಂಡ್‌ಗೆ ಹೋಗುತ್ತೀರಿ. ಅಲ್ಲಿ ಕೆಥೀಡ್ರಲ್. ಇದೇ ಹೆಸರಿನ ಇಂಗ್ಲಿಷ್ ಮೆಟಲ್ ಬ್ಯಾಂಡೂ ಒಂದಿತ್ತು. ಹುಡುಕುವಾಗ ಆ ರಾಕ್ಷಸರು ಮೊದಲು ಬರುತ್ತಾರೆ, ಜೋಕೆ. 1978ರ ‘ಸ್ಟೇನ್ಡ್ ಗ್ಲಾಸ್ ಸ್ಟೋರೀಸ್’ ಇವರ ಆ ಕಾಲದ ಏಕೈಕ ಆಲ್ಬಂ. ಐದೇ ರಚನೆ. ಮೊದಲನೆಯದು 12 ನಿಮಿಷ ದಾಟುತ್ತದೆ. ಮೆಲೊಟ್ರಾನ್ ಇಷ್ಟಪಡುವವರಿಗೆ ಹಬ್ಬ. ಅದನ್ನು ನುಡಿಸಿದ ಟಾಮ್ ಡಾನ್‌ಕೋರ್ಟ್ ಮುಂದೆ ನ್ಯೂಯಾರ್ಕಿನ ದೊಡ್ಡ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಪ್ರದರ್ಶನದ ವಸ್ತುಗಳನ್ನು ತಯಾರಿಸುವ ಕೆಲಸದಲ್ಲಿದ್ದ. 2007ರಲ್ಲಿ ಗೆಳೆಯರು ಮತ್ತೆ ಸೇರಿ ಇನ್ನೊಂದು ಆಲ್ಬಂ ಮಾಡಿದರು. ಮೊದಲ ಆಲ್ಬಮ್ಮಿಗೂ ಅದಕ್ಕೂ ನಡುವೆ 29 ವರ್ಷ.

ಸೇಂಟ್ ಲೂಯಿಸ್‌ನ ಪಾವ್ಲೋವ್ಸ್ ಡಾಗ್ ಕಥೆ ಬೇರೆ. ಇವರಿಗೆ ಕಂಪನಿ ಸಿಕ್ಕಿತು, ಅದೂ ಒಂದಲ್ಲ ಎರಡು. 1975ರ ‘ಪ್ಯಾಂಪರ್ಡ್ ಮೀನಿಯಲ್’ ಮೊದಲು ಎಬಿಸಿ ಲೇಬಲ್‌ನಲ್ಲಿ ಬಂತು. ಬ್ಯಾಂಡು ಕೊಲಂಬಿಯಾಗೆ ಹಾರಿದ್ದರಿಂದ ಅದೇ ರೆಕಾರ್ಡ್ ಅದೇ ವರ್ಷ ಅಲ್ಲಿಂದಲೂ ಬಂತು. ಡೇವಿಡ್ ಸರ್ಕ್ಯಾಂಪ್‌ನ ಗಂಟಲೇ ಇಲ್ಲಿ ಎಲ್ಲ. ತುಂಬಾ ಮೇಲಿನ ಶ್ರುತಿ, ಜೊತೆಗೆ ಬಿಡದ ಕಂಪನ. ಹಲವರು ಅರ್ಧ ನಿಮಿಷಕ್ಕೆ ಆರಿಸಿಬಿಡುತ್ತಾರೆ. ಯಕ್ಷಗಾನದ ಭಾಗವತರ ಏರುದನಿಗೆ ಒಗ್ಗಿದ ನಮಗೆ ಅಷ್ಟೇನೂ ಕಷ್ಟವಾಗಲಾರದು. ಕೆಳಗೆ ಪಿಟೀಲೂ ಮೆಲೊಟ್ರಾನೂ ಹೆಣೆದುಕೊಂಡಿರುತ್ತವೆ. 1976ರ ಎರಡನೇ ಆಲ್ಬಮ್ಮಿನಲ್ಲಿ ಡ್ರಮ್ಸ್ ಬಾರಿಸಿದ್ದು ಬಿಲ್ ಬ್ರೂಫರ್ಡ್. ಹೌದು, ನಿಮ್ಮ ಯೆಸ್, ಕ್ರಿಮ್ಸನ್ ಬ್ರೂಫರ್ಡ್ ಅವನೇ. ಮೂರನೆಯದನ್ನು ಕಂಪನಿ ಹೊರತರಲೇ ಇಲ್ಲ.

ಉಳಿದವರನ್ನು ಬೇಗ ಬೇಗ ಹೇಳಿಬಿಡುತ್ತೇನೆ. ನ್ಯೂಜೆರ್ಸಿಯ ಫೈರ್‌ಬ್ಯಾಲೆ 1975ರಲ್ಲಿ ರಷ್ಯಾದ ಮುಸೋರ್ಗ್‌ಸ್ಕಿಯ ‘ನೈಟ್ ಆನ್ ಬಾಲ್ಡ್ ಮೌಂಟನ್’ ಎತ್ತಿಕೊಂಡು ರಾಕ್ ಮಾಡಿತು. ನಿರ್ಮಾಪಕ ಕ್ರಿಮ್ಸನ್ ಸ್ಥಾಪಕರಲ್ಲಿ ಒಬ್ಬನಾದ ಇಯನ್ ಮೆಕ್‌ಡೊನಾಲ್ಡ್. ಮುಂದಿನ ವರ್ಷ ಎರಡನೇ ಆಲ್ಬಮ್ಮಿನ ಮುಖಪುಟಕ್ಕೆ ಗಂಡಸರೆಲ್ಲ ಬ್ಯಾಲೆ ಹುಡುಗಿಯರ ಲಂಗ ತೊಟ್ಟು ನಿಂತರು. ಅಲ್ಲಿಗೆ ಮುಗಿಯಿತು. ಇಲಿನಾಯ್‌ನ ಸ್ಟಾರ್‌ಕ್ಯಾಸಲ್ ಎಷ್ಟು ಯೆಸ್ ಥರ ಇದೆ ಅಂದರೆ ಕಣ್ಣುಮುಚ್ಚಿ ಕೇಳಿದರೆ ಮೋಸಹೋಗುತ್ತೀರಿ. ಅದರ ಗಾಯಕ ಟೆರಿ ಲಟ್ರೆಲ್ ಮೊದಲು ಆರ್‌ಇಒ ಸ್ಪೀಡ್‌ವ್ಯಾಗನ್ ಎಂಬ ರಾಕ್ ಬ್ಯಾಂಡಿನಲ್ಲಿದ್ದವನು. ಚೆನ್ನಾಗಿ ನುಡಿಸುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಅಸಲಿ ಯೆಸ್ ಇರುವಾಗ ನಕಲು ಯಾಕೆ ಅನ್ನಿಸುತ್ತದೆ. ವೆಸ್ಟ್ ವರ್ಜೀನಿಯಾದ ಕ್ರ್ಯಾಕ್ ದ ಸ್ಕೈ ಬೇರೆ ಜಾತಿ: ವ್ಯಂಗ್ಯ ಜಾಸ್ತಿ, ಕೋಟೆ ಕೊತ್ತಲ ಮಾಂತ್ರಿಕರು ಕಡಿಮೆ. 1975ರ ಮೊದಲ ಆಲ್ಬಮ್ಮನ್ನು ರೋಲಿಂಗ್ ಸ್ಟೋನ್ ಪತ್ರಿಕೆ ಹೊಗಳಿತು. ಲೇಬಲ್ ಸಣ್ಣದು, ಎಷ್ಟೋ ಊರಿನ ಅಂಗಡಿಗೆ ರೆಕಾರ್ಡೇ ತಲುಪಲಿಲ್ಲ. ಬಾಲ್ಟಿಮೋರ್‌ನಲ್ಲಿ ಮಾತ್ರ ಅವರು ಊರ ಹೀರೋಗಳಾದರು. ಹಾಡಿನ ಮಾತು ಮುಖ್ಯ ಅನ್ನುವವರಾದರೆ ಇವರನ್ನು ಬಿಡಬೇಡಿ.

ಡಿಕ್ಸಿ ಡ್ರೆಗ್ಸ್ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಮಯಾಮಿ ವಿಶ್ವವಿದ್ಯಾಲಯದ ಸಂಗೀತ ವಿದ್ಯಾರ್ಥಿಗಳು. ಹಾಡೇ ಇಲ್ಲ. ಗಿಟಾರು, ಪಿಟೀಲು ಜಿದ್ದಿಗೆ ಬಿದ್ದು ಓಡುತ್ತವೆ. ದಕ್ಷಿಣದ ಹಳ್ಳಿ ಸಂಗೀತ, ಜಾಸ್, ಪ್ರಾಗ್ ಎಲ್ಲ ಒಂದೇ ಬಾಣಲೆಯಲ್ಲಿ. 1977ರ ‘ಫ್ರೀ ಫಾಲ್’ ಕೇಳಿ. ಗಿಟಾರಿಸ್ಟ್ ಸ್ಟೀವ್ ಮೋರ್ಸ್ 1994ರಲ್ಲಿ ಡೀಪ್ ಪರ್ಪಲ್ ಸೇರಿದ. 2001ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಡೀಪ್ ಪರ್ಪಲ್ ನುಡಿಸಿತಲ್ಲ, ಆವತ್ತು ಗಿಟಾರ್ ಹಿಡಿದಿದ್ದವನು ಇವನೇ. ಆ ಧೂಳಿನಲ್ಲಿ ನಿಂತು ಬ್ಯಾಂಡಿನ ಹಳೆಯ ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ ಬರಲಿಲ್ಲವಲ್ಲ ಎಂದು ಗೊಣಗಿದವರು ಬಹಳ ಜನ. ಎದುರಿಗೆ ಯಾರಿದ್ದಾರೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

ಹುಡುಕುವ ವಿಧಾನಕ್ಕೆ ಬರೋಣ. ರೆಕಾರ್ಡುಗಳ ವಿವರ ಇರುವ ಡಿಸ್ಕಾಗ್ಸ್ ವೆಬ್‌ಸೈಟಿನಲ್ಲಿ ದೇಶ ಅಮೆರಿಕ, ಶೈಲಿ ಪ್ರಾಗ್ ರಾಕ್, ವರ್ಷ 1975ರಿಂದ 78 ಎಂದು ಸೋಸಿ. ಆಮೇಲೆ ಲೇಬಲ್ ಹೆಸರು ನೋಡಿ. ಆ ಲೇಬಲ್‌ನಿಂದ ಒಂದೇ ಒಂದು ರೆಕಾರ್ಡ್ ಬಂದಿದೆ ಅಂದರೆ ಬಹುತೇಕ ಬ್ಯಾಂಡಿನವರೇ ಕೈಯಿಂದ ದುಡ್ಡು ಹಾಕಿ ಮಾಡಿಸಿದ್ದು ಎಂದೇ ಅರ್ಥ. ಇದನ್ನು ಪ್ರೈವೇಟ್ ಪ್ರೆಸ್ ಅನ್ನುತ್ತಾರೆ. ನಮ್ಮಲ್ಲಿ ಕವಿಗಳು ಸ್ವಂತ ಖರ್ಚಿನಲ್ಲಿ ಸಂಕಲನ ತಂದು ಸಿಕ್ಕಸಿಕ್ಕವರ ಕೈಗಿಡುತ್ತಾರಲ್ಲ, ಅದೇ ಕಥೆ. ಕೆಲವು ರತ್ನ, ಹಲವು ಹಾಗೇ. ನ್ಯೂಜೆರ್ಸಿಯ ಮಿರ್ಥ್‌ರ‍್ಯಾಂಡಿರ್ 1976ರಲ್ಲಿ ಹೀಗೆ ತಂದ ‘ಫಾರ್ ಯು ದಿ ಓಲ್ಡ್ ವಿಮೆನ್’ ರತ್ನದ ಸಾಲಿನದು.

ರೆಕಾರ್ಡಿನ ಹಿಂದಿನ ಪುಟ ಓದುವ ಅಭ್ಯಾಸ ಮಾಡಿಕೊಳ್ಳಿ. ಯಾರು ಏನು ನುಡಿಸಿದ್ದಾರೆ ಎಂಬ ಸಾಲಿನಲ್ಲಿ ಒಬ್ಬನ ಹೆಸರಿನ ಮುಂದೆ ನಾಲ್ಕೈದು ವಾದ್ಯ ಇದ್ದರೆ, ಅದರಲ್ಲಿ ಮೆಲೊಟ್ರಾನೋ ಕೊಳಲೋ ಇದ್ದರೆ, ಕೇಳಲು ಯೋಗ್ಯ. ಪ್ರಾಗ್ ಆರ್ಕೈವ್ಸ್ ಎಂಬ ವೆಬ್‌ಸೈಟಿನಲ್ಲಿ ಓದುಗರು ಕೊಟ್ಟ ಅಂಕಗಳಿವೆ. ವಿಮರ್ಶೆ ಓದಿ, ಅಂಕ ನಂಬಬೇಡಿ. ಸಿಗದ ರೆಕಾರ್ಡಿಗೆ ಅಂಕ ಯಾವಾಗಲೂ ಒಂದು ಕೈ ಜಾಸ್ತಿ. ಅಪರೂಪದ್ದು ಅಂದ ಮಾತ್ರಕ್ಕೆ ಅಪೂರ್ವ ಅಲ್ಲ. ನಾನು ಕೇಳಿದ ಇಂಥ ಹತ್ತರಲ್ಲಿ ಏಳನ್ನು ಎರಡನೇ ಸಲ ಹಾಕಿಲ್ಲ.

ಹಳೆಯ ರೆಕಾರ್ಡೇ ಕೊಳ್ಳಬೇಕಾ ಎಂದು ಕೇಳಿದ್ದೀರಿ. ಬೇಡ. ಮೊದಲು ಮೊಬೈಲಿನಲ್ಲೇ ಕೇಳಿ. ಇಲ್ಲಿ ಹೇಳಿದ ಹೆಚ್ಚಿನವು ಹುಡುಕಿದರೆ ಸಿಗುತ್ತವೆ. ಇಷ್ಟವಾದರೆ ಮರುಮುದ್ರಣದ ಸಿಡಿಯೋ ರೆಕಾರ್ಡೋ ಕೊಳ್ಳಿ. ಎಷ್ಟೋ ಸಲ ಮೂಲ ಟೇಪಿನಿಂದ ಮಾಡಿರುತ್ತಾರೆ, ಅಗ್ಗದ ಹಳೆಯ ಅಚ್ಚಿಗಿಂತ ಸದ್ದೂ ಚೆನ್ನಾಗಿರುತ್ತದೆ. ಹ್ಯಾಪಿ ದ ಮ್ಯಾನ್, ಪಾವ್ಲೋವ್ಸ್ ಡಾಗ್ ಥರದವು ದೊಡ್ಡ ಕಂಪನಿಯವು, ಸಾವಿರಗಟ್ಟಲೆ ಅಚ್ಚಾದವು. ಅವುಗಳ ಹಳೆಯ ಪ್ರತಿ ಈಗಲೂ ದುಬಾರಿ ಅಲ್ಲ. ಪ್ರೈವೇಟ್ ಪ್ರೆಸ್ ಮೂಲ ಪ್ರತಿಗಳ ಹತ್ತಿರ ಮಾತ್ರ ಹೋಗಬೇಡಿ.

ಇದು ಅನುಭವದ ಮಾತು. ಕೆಲವು ವರ್ಷದ ಹಿಂದೆ ಒಂದು ತಿಂಗಳ ಬಾಡಿಗೆಯಷ್ಟು ದುಡ್ಡು ಕೊಟ್ಟು ವಿದೇಶದಿಂದ ಒಂದನ್ನು ತರಿಸಿದೆ. ಹೊದಿಕೆ ಅಸಲಿ, ಅಂಚು ಕೂಡ ಸವೆದಿರಲಿಲ್ಲ. ಕೈ ತೊಳೆದುಕೊಂಡು ಬಂದು, ದೀಪ ಸಣ್ಣ ಮಾಡಿ, ಮುಳ್ಳು ಇಟ್ಟೆ. ಗಂಟೆ ಕಿಣಿಕಿಣಿ ಅಂದಿತು. ಆಹಾ, ಏನು ಪೀಠಿಕೆ ಅಂದುಕೊಂಡೆ. ಆಮೇಲೆ ಮಕ್ಕಳು ಹಾಡತೊಡಗಿದರು. ಒಳಗಿದ್ದದ್ದು ಕ್ರಿಸ್‌ಮಸ್ ಹಾಡುಗಳ ರೆಕಾರ್ಡ್. ಮಾರಿದವನು ಮತ್ತೆ ಮಾತಿಗೆ ಸಿಗಲಿಲ್ಲ. ಡಿಸೆಂಬರ್ ಬಂದಾಗ ಅದನ್ನೇ ಹಾಕುತ್ತೇನೆ.